ಅವ್ವ ಆಡದ ಮಾತು

ತ್ರ್ಯಂಬಕ ರಸ್ತೆ, ನಾಶಿಕ
9 ಫೆಬ್ರವರಿ 2026

ಪ್ರೀತಿಯ ಅಶ್ವಿತಾ,

ನಾವು ಇಲ್ಲಿ ಇದ್ದೀವಿ. ಸಂಭಾಜಿನಗರದಾಗ ನೀನೂ, ಹೋಟೆಲ್ ನಡೆಸೋ ನಿಮ್ಮ ಅಪ್ಪ ಅಮ್ಮನೂ ಆರಾಮ ಇದ್ದೀರಿ ಅಂದುಕೋತೀನಿ. ನಿನ್ನ ಮೆಸೇಜಿಗೆ ಇಷ್ಟು ದಿನ ಉತ್ತರ ಕೊಡಲಿಲ್ಲ, ಸಿಟ್ಟಾಗಬ್ಯಾಡ. ಫೋನ್ ಮಾಡಿದ್ರ ನೀ ನಡುವನ ಸಾರಿ ಅಂದುಬಿಡತಿ, ಮುಂದ ನನಗ ಹೇಳಾಕ ಆಗೂದಿಲ್ಲ. ಅದಕ್ಕ ಕಾಗದ.

ನಿನಗ ಪ್ರಚಾರದ ಆಫೀಸಿನಾಗ ಬಡ್ತಿ ಸಿಕ್ಕಿತಂತ, ನಮ್ಮ ಕ್ಲಾಸಿನ ವೈಷ್ಣವಿ ಹೇಳಿದಳು. ನಾವಿದ್ದ ವಾಳೂಜ್ ಕಡೆ ಸರ್ಕಾರದ ನೀರಿನ ಯೋಜನೆ ಬಗ್ಗೆ ನೀ ಬರೆದ ಪತ್ರಿಕಾ ಪ್ರಕಟಣೆಯನ್ನ ಈಗ ಹೊಸಬರಿಗೆ ಮಾದರಿ ಅಂತ ತೋರಿಸ್ತಾರಂತ. ಖರೇನ ಚೆಂದ ಬರದಿದ್ದಿ. ಪೈಪಿನ ಉದ್ದ ಎಷ್ಟಂತ ಯಾರೂ ಓದಂಗಿಲ್ಲ, ಮೊದಲ ಸಾಲಿನಾಗ ಒಬ್ಬ ಮನುಷ್ಯನ್ನ ನಿಲ್ಲಿಸಬೇಕು ಅಂತ ಕಾಲೇಜಿನಾಗ ನೀನ ಹೇಳತಿದ್ದಿ. ನೀ ನಮ್ಮವ್ವನ್ನ ನಿಲ್ಲಿಸಿದಿ.

ಫೋಟೋದವನ ಜೋಡಿ ನೀ ನಮ್ಮ ಓಣಿಗೆ ಬಂದ ದಿನ ನಳ ಕೂರಿಸಿದ್ರು ಖರೆ, ನೀರು ಬಂದಿರಲಿಲ್ಲ. ಅವ್ವ ನಿನಗ ಚಹಾ ಕೊಟ್ಟು, "ನೀರು ಬಂದ್ರ ಭಾಳ ಛಲೋ ಆಗತೈತಿ ನೋಡವಾ" ಅಂದಿದ್ದಳು. ಪೇಪರಿನಾಗ ಬಂದದ್ದು, "ಮನೆಬಾಗಿಲಿಗೇ ನೀರು ಬಂತು, ಇನ್ನು ನಮಗೆ ಟ್ಯಾಂಕರ್ ಬೇಕಿಲ್ಲ ಎನ್ನುತ್ತಾರೆ ಗುಂಡವ್ವ."

ಮುಂದಿನ ವಾರ ನಳಕ್ಕ ನೀರು ಬರಲಿಲ್ಲ, ಟ್ಯಾಂಕರ್ ಬರೂದೂ ನಿಂತಿತು. ಹೆಂಗಸರೆಲ್ಲ ಕೂಡಿ ಕೇಳಾಕ ನೀರಿನ ಆಫೀಸಿಗೆ ಹೋದ್ರ, ಸಾಹೇಬ ಆ ಪೇಪರ್ ಮುಂದಿಟ್ಟು, ನಿಮ್ಮ ಓಣ್ಯಾಕಿನ ಬ್ಯಾಡ ಅಂದಾಳಲ್ಲ ಅಂತ ಮರಾಠಿಯಾಗ ಅಂದ. ಅವ್ವನೂ ಖಾಲಿ ಕೊಡ ಹಿಡಕೊಂಡು ಆ ಗುಂಪಿನಾಗ ನಿಂತಿದ್ದಳು. ಓಣಿಗೆ ಬಂದ ಮ್ಯಾಲ ಆ ಹೆಂಗಸರ ಅವ್ವನ ಕೊಡ ಕಸಗೊಂಡು ತುಳಿದ್ರು. ಎಷ್ಟು ರೊಕ್ಕ ಇಸಗೊಂಡಿ ಅಂತ ಕೂದಲು ಹಿಡಿದು ಕೇಳಿದ್ರು.

ಅವತ್ತ ನಿನಗ ಫೋನ್ ಮಾಡಿದ್ದೆ. ತಪ್ಪಾಗೇತಿ ಅಂತ ಪೇಪರಿಗೆ ಒಂದು ಸಾಲು ಕಳಿಸು ಅಂದೆ.

"ಜನ ಹೇಳಿದ್ದು ಅಂತ ಹಾಕೋ ಕೋಟ್ ಯಾವಾಗ್ಲೂ ನಾವೇ ಬರೆಯೋದು ಮಾರಾಯ್ತಿ, ಎಲ್ಲರಿಗೂ ಗೊತ್ತುಂಟು. ಈಗ ತಿದ್ದಿದ್ರೆ ಯೋಜನೆಗೇ ಕೆಟ್ಟ ಹೆಸರು" ಅಂದಿ.

ನಮ್ಮ ಓಣಿಗೆ ಗೊತ್ತಿರಲಿಲ್ಲ ಅಶ್ವಿತಾ.

ಆಮ್ಯಾಲ ಬಾಜೂ ಓಣಿಯ ಬೋರ್‌ವೆಲ್ಲಿಗೂ ಅವ್ವನ್ನ ಬಿಡಲಿಲ್ಲ. ಅಕಿ ಹೆದ್ದಾರಿ ದಾಟಿ ಕಾರ್ಖಾನಿ ಕಡೆ ನೀರಿಗೆ ಹೋಗಾಕ ಹತ್ತಿದಳು. ಅಲ್ಲೇ ಟೆಂಪೋ ಬಡೀತು. ಬಲಗಾಲು ಮೊಣಕಾಲಿನ ಕೆಳಗ ತಗದ್ರು. ದವಾಖಾನಿಗೆ ಓಣಿಯಿಂದ ಯಾರೂ ಬರಲಿಲ್ಲ. ನಿನ್ನ ಆಫೀಸಿನ ಹೆಸರಿದ್ದ ಹೂವಿನ ಬುಕೆ ಬಂತು.

ಆ ಓಣ್ಯಾಗ ಇರಾಕ ಆಗಲಿಲ್ಲ. ಅಪ್ಪಗ ಇಲ್ಲಿ ರಸ್ತೆ ಕೆಲಸ ಸಿಕ್ಕೈತಿ, ತಗಡಿನ ಶೆಡ್ಡಿನಾಗ ಇದ್ದೀವಿ. ಇಲ್ಲಿ ನೀರಿಗೆ ತೊಂದರಿ ಇಲ್ಲ.

ನೀ ಇನ್ನೂ ಮ್ಯಾಲ ಹೋಗು, ನಿನಗ ಒಳ್ಳೇದಾಗಲಿ. ಬ್ಯಾರೆ ಓಣಿಗೆ ಹೋದಾಗ ಯಾರರ ಚಹಾ ಕೊಟ್ರ ಕುಡಿ. ಅವರ ಹೆಸರು ಮಾತ್ರ ಕೇಳಬ್ಯಾಡ.

ನಿನ್ನ ಗೆಳತಿ,
ಮಂಜುಳಾ

ತಾ.ಕ.: ಅಪ್ಪ ಓದಿದವನಲ್ಲ. ಅಚ್ಚಾದದ್ದು ಸುಳ್ಳಿರಂಗಿಲ್ಲ ಅಂತ ನಂಬ್ಯಾನ. ವಾಳೂಜ್ ಬಿಟ್ಟಾಗಿಂದ ಅವ್ವನ ಜೋಡಿ ಮಾತಾಡಿಲ್ಲ. ನಿನ್ನೆ ಅವ್ವ ನನ್ನ ಕೇಳಿದಳು, "ಮಂಜುಳಾ, ನೀನೂ ಅಲ್ಲೇ ಇದ್ದೆಲ್ಲ. ನಾ ಹಂಗ ಅಂದಿದ್ನೇನ?" ಇಲ್ಲವ್ವ ಅಂದೆ. ಅರ್ಧ ಕಾಲಿನ ಮ್ಯಾಲ ಸೀರಿ ಎಳಕೊಂಡಳು. ಆಮ್ಯಾಲ, "ಅಂದಿರಬೇಕು ಬಿಡು. ಆ ಹುಡುಗಿ ನನ್ನ ಮ್ಯಾಲ ಯಾಕ ಸುಳ್ಳು ಬರೀತಾಳ" ಅಂದಳು.