ಪಿಸ್ತೂಲಜ್ಜನಿಗೆ, ಹಿತ್ತಾಳೆಯ ವಿಷಯವಾಗಿ

ಕಂಬದಹಾಳ,
ಗಾಳಿಗಂಬಗಳು ನಿಂತುಹೋದ ಮೇಲಿನ ನೂರಾ ನಲವತ್ತನೇ ವರ್ಷ,
ಎರಡನೇ ಶ್ರಾವಣದ ಐವತ್ತೊಂದನೇ ದಿನ, ಮಧ್ಯಾಹ್ನ.

ಪೂಜ್ಯ ಪಿಸ್ತೂಲಜ್ಜನವರಿಗೆ, ತಮ್ಮ ವಂಶದ ತುಂಬುಗಾರ್ತಿ ನೀಲಗಂಗವ್ವ ಕಂಚಗಾರ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಮಳೆ ನಿಂತ ಮೇಲೆಯೇ ತಿಂಗಳು ಮುಗಿಯುವುದು; ಈ ಸಲ ಅದು ನಿಲ್ಲುವ ಲಕ್ಷಣ ಕಾಣುತ್ತಿಲ್ಲ. ನನ್ನ ಮಾತು ಅಲ್ಲಲ್ಲಿ ತಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ತಮ್ಮ ನಿಜವಾದ ಹೆಸರು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಪಿಸ್ತೂಲು ಮತ್ತು ತೋಟಾಗಳ ಪೆಟ್ಟಿಗೆ ಬಿಟ್ಟುಹೋದಿರಿ ಎಂದು ಪಿಸ್ತೂಲಜ್ಜ ಅನ್ನುತ್ತೇವೆ. ಹಿರಿಯರ ಅಮಾವಾಸ್ಯೆಯಂದು ಎಡೆಯ ಜೊತೆ ಈ ಕಾಗದವನ್ನೂ ಇಡುತ್ತೇನೆ. ಕಾಗೆ ಹೋಳಿಗೆಯನ್ನು ತಮಗೆ ಮುಟ್ಟಿಸುತ್ತದೆ ಎಂದು ನಂಬಿದವಳು ಕಾಗದದ ಬಗ್ಗೆ ಯಾಕೆ ಅನುಮಾನಪಡಲಿ?

ತುಂಬುಗಾರ್ತಿ ಎಂದರೆ ಹಾರಿದ ತೋಟಾವನ್ನು ಮತ್ತೆ ತುಂಬುವವಳು. ಇಲ್ಲಿ ಹೊಸ ತೋಟಾ ಹುಟ್ಟುವುದಿಲ್ಲ. ಮದ್ದು ಅರೆಯುತ್ತೇವೆ, ಸೀಸ ಕರಗಿಸುತ್ತೇವೆ, ತಳದಲ್ಲಿ ಕೂರುವ ಕಿಡಿಬಟ್ಟಲನ್ನೂ, ನೀವು ಕೇಪು ಅನ್ನುತ್ತಿದ್ದಿರಂತೆ, ಹೇಗೋ ಮಾಡಿಕೊಳ್ಳುತ್ತೇವೆ. ಆದರೆ ಆ ತೆಳ್ಳಗಿನ ಹಿತ್ತಾಳೆಯ ಕೊಳವೆ ನಮ್ಮ ಕೈಗೆ ಬಗ್ಗಲಿಲ್ಲ. ಗಂಟೆ ಎರೆಯುವ ಕಂಚಗಾರರಿಗೂ ಅದು ಸಾಧ್ಯವಾಗಿಲ್ಲ. ಅದು ನಿಮ್ಮ ಕಾರ್ಖಾನೆಗಳಿಗೆ ಮಾತ್ರ ಒಲಿದಿದ್ದ ವಿದ್ಯೆ. ಹೀಗಾಗಿ ನೀವು ಒಂದು ದಿನ ಅಂಗಡಿಯಲ್ಲಿ ನಿಂತು ಆರಿಸಿದ್ದನ್ನೇ ನಾವು ಇವತ್ತಿಗೂ ತುಂಬಿ ತುಂಬಿ ಹಾರಿಸುತ್ತಿದ್ದೇವೆ.

ಹಾರಿಸುವುದು ನಾಯಿಗಳಿಗಾಗಿ. ನಿಮ್ಮ ಊರುಗಳು ಖಾಲಿಯಾದಾಗ ಓಣಿಯ ನಾಯಿಗಳು ಎಲ್ಲಿ ಹೋದವೆಂದು ನೀವು ಯೋಚಿಸಿರಲಿಕ್ಕಿಲ್ಲ. ಗುಡ್ಡ ಸೇರಿದವು, ಹಿಂಡಾದವು, ಮನುಷ್ಯರ ಭಯ ಮರೆತವು. ಅವು ಕೋಲಿಗೆ ಹೆದರುವುದಿಲ್ಲ, ಬೆಂಕಿಗೂ ಅಷ್ಟಕ್ಕಷ್ಟೆ. ಪಿಸ್ತೂಲಿನ ಸದ್ದಿಗೆ ಮಾತ್ರ ಚದುರುತ್ತವೆ. ನಮ್ಮಲ್ಲಿ ಒಂದು ಪದ್ಧತಿಯಿದೆ. ಹಿಂಡು ಎದುರಾದರೆ ಒಂದು ಗುಂಡು ನಾಯಿಗಳಿಗೆ. ಅವು ಚದುರಿದ ಮೇಲೆ ಇನ್ನೊಂದು ಊರಿಗೆ, ನಾವು ಉಳಿದಿದ್ದೇವೆ ಎಂದು ತಿಳಿಸಲು. ಎರಡನೆಯದು ಕೇಳಿಸುವ ತನಕ ಊರಲ್ಲಿ ಯಾರೂ ಒಲೆ ಊದುವುದಿಲ್ಲ.

ಇವತ್ತು ಬೆಳಗ್ಗೆ ನನ್ನ ಮಗಳು ಫಕೀರವ್ವ ಕುರಿ ಹೊಡೆದುಕೊಂಡು ಕಣಿವೆಯ ಕಡೆ ಹೋದಳು. ಈ ಕೆಸರಿನಲ್ಲಿ ಕುರಿಗಳ ಗೊರಸು ಕೊಳೆಯುತ್ತಿವೆ. ಕಣಿವೆಯ ಆಚೆಗಿನ ಒಣ ನೆಲಕ್ಕೆ ಒಯ್ಯದಿದ್ದರೆ ಒಂದೂ ಉಳಿಯುವುದಿಲ್ಲ. ಪಾಳಿ ಅವಳದು. ಪಿಸ್ತೂಲು ಅವಳ ಸೊಂಟದಲ್ಲಿದೆ. ಅದರೊಳಗಿನ ತೋಟಾಗಳನ್ನು ನಿನ್ನೆ ನಾನೇ ತುಂಬಿದೆ. ಅಜ್ಜಾ, ಆ ತೋಟಾಗಳ ಮೇಲೆ ಈಗ ನನಗೆ ನಂಬಿಕೆಯಿಲ್ಲ. ಯಾಕೆಂದು ಹೇಳುತ್ತೇನೆ, ಆದರೆ ಮೊದಲು ನಿಮ್ಮನ್ನು ಸ್ವಲ್ಪ ಬೈದುಕೊಳ್ಳಲು ಬಿಡಿ.

ನಿಮ್ಮ ಪೆಟ್ಟಿಗೆ ಬರೀ ಕಿಚಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತೀರಿ. ಹಳದಿಯಾಗಿರುವುದೆಲ್ಲ ಹಿತ್ತಾಳೆಯೂ ಅಲ್ಲ. ಅರ್ಧದಷ್ಟು ತೋಟಾ ಕಬ್ಬಿಣದವು, ಮೇಲೆ ಹಳದಿ ನೀರು ಕುಡಿಸಿದ್ದಾರೆ. ಗಾಳಿಗಂಬದ, ಅಂದರೆ ನೀವು ವಿದ್ಯುತ್ತಿಗೆ ನಿಲ್ಲಿಸಿದ್ದ ಗಾಳಿಯಂತ್ರದ, ಹೊಟ್ಟೆಯಿಂದ ಕಿತ್ತ ಸೂಜಿಗಲ್ಲು ಹಿಡಿದರೆ ಪಟಕ್ಕನೆ ಅಂಟುತ್ತವೆ. ಒಮ್ಮೆ ಹಾರಿದ ಮೇಲೆ ಅವು ನಮ್ಮ ಅಚ್ಚಿಗೆ ಬಗ್ಗುವುದಿಲ್ಲ, ತುಕ್ಕು ಬೇರೆ. ಕೆಲವು ಅಲ್ಯೂಮಿನಿಯಂ, ಅವನ್ನು ಎರಡನೇ ಸಲ ನಂಬುವವರು ಹುಚ್ಚರು. ಇನ್ನು ನಿಜವಾದ ಹಿತ್ತಾಳೆಯಲ್ಲೂ ಕೆಲವಕ್ಕೆ ತಳದೊಳಗೆ ಅಕ್ಕಪಕ್ಕ ಎರಡು ಸಣ್ಣ ತೂತು. ಒಂದೇ ತೂತು ನಟ್ಟನಡುವೆ ಇದ್ದರೆ ಸೂಜಿ ಇಳಿಸಿ ಹಳೆಯ ಕೇಪನ್ನು ಹೊರಗೆ ತಳ್ಳಬಹುದು. ಎರಡಿದ್ದರೆ ಸೂಜಿ ಎಲ್ಲಿಗೆ ಇಳಿಯಬೇಕು? ಕೆಲವದರ ಒಳಗೋಡೆಯಲ್ಲಿ ಮೆಟ್ಟಿಲಿನಂಥ ಏಣು. ಅಲ್ಲಿಗೇ ಸರಿಯಾಗಿ ಮುರಿದು ಎರಡಾಗುತ್ತವೆ. ಹಾರಿಸಿ ಎಸೆಯುವವರಿಗೆ ಇವೆಲ್ಲ ಒಂದೇ. ಹೆಕ್ಕಿಕೊಳ್ಳುವವರಿಗೆ ಅಲ್ಲ.

ಇವೆಲ್ಲವನ್ನೂ ಬೇರ್ಪಡಿಸಿದ ಮೇಲೆ ನಮಗೆ ದಕ್ಕಿದ್ದು ಒಂದೇ ಜಾತಿ: ತಳದಲ್ಲಿ ನಕ್ಷತ್ರದ ಮುದ್ರೆಯಿರುವವು. ದಪ್ಪ ಗೋಡೆ, ನಡುವೆ ಒಂದೇ ತೂತು, ಎಲ್ಲವೂ ಒಂದೇ ಅಳತೆ. ಅವು ನಮ್ಮ ಊರನ್ನು ಇಷ್ಟು ಕಾಲ ಕಾಪಾಡಿವೆ. ಆದರೆ ಇತ್ತೀಚೆಗೆ ಅವೂ ಉದ್ದಕ್ಕೆ ಬಿರಿಯತೊಡಗಿದವು. ಬಿರಿದ ತೋಟಾ ಹಾರಿದ ಮೇಲೆ ಪಿಸ್ತೂಲಿನ ಗೂಡಿನಲ್ಲೇ ಕಚ್ಚಿಕೊಳ್ಳುತ್ತದೆ, ಹಿಂದಿರುವ ತೋಟಾ ಮುಂದೆ ಬರಲು ದಾರಿಯಿರುವುದಿಲ್ಲ. ಎರಡನೆಯ ಗುಂಡು ಹಾರುವುದಿಲ್ಲ. ತಮ್ಮ ಹಿತ್ತಾಳೆಯೇ ಕಳಪೆ ಎಂದು ನಾನು ನಿನ್ನೆಯ ತನಕ ತಮ್ಮನ್ನು ಶಪಿಸುತ್ತಿದ್ದೆ.

ಇವತ್ತು ಬೆಳಗ್ಗೆ ಮಗಳು ಹೊರಡುವಾಗ ಕೊರಳಿನ ಸೀಟಿಯನ್ನು ತೆಗೆದು ನನ್ನ ಕೈಯಲ್ಲಿಟ್ಟಳು. ಸೀಟಿ ಎಂದರೆ ಒಂದು ಖಾಲಿ ತೋಟಾ, ಹುಡುಗಿಯಾಗಿದ್ದಾಗ ಕದ್ದಿಟ್ಟುಕೊಂಡದ್ದು. ಅದರ ಬಾಯಿಗೆ ಊದಿದರೆ ಕುರಿಗಳು ತಿರುಗಿ ನೋಡುತ್ತವೆ. "ದಾರ ಹಳೀದಾಗೇತಿ ಯವ್ವಾ, ಎಲ್ಲೆರ ಬಿದ್ದು ಹೋದೀತು. ನೀ ಇಟ್ಕೊ, ನಾ ಬಾಯಲೇ ಸೀಟಿ ಹೊಡೀತೀನಿ" ಅಂದಳು. ನಾನು ಬೈದೆ, ಬುತ್ತಿ ಕಟ್ಟಿಕೊಟ್ಟೆ, ಅವಳು ನಕ್ಕು ಹೋದಳು. ಆಮೇಲೆ ಅದನ್ನು ಗೋಡೆಯ ಗೂಡಿನಲ್ಲಿಡಲು ಹೋದಾಗ ಪಕ್ಕದಲ್ಲಿ ನಿನ್ನೆ ತುಂಬಿ ಉಳಿಸಿದ್ದ ಎರಡು ತೋಟಾ ಇದ್ದವು. ರಾತ್ರಿ ನುಣುಪಾಗಿದ್ದವು ಬೆಳಗಾಗುವುದರೊಳಗೆ ಬಾಯಿಂದ ತಳದವರೆಗೆ ಸೀಳಿದ್ದವು. ಸೀಟಿಯಲ್ಲಿ ಒಂದು ಗೀರೂ ಇಲ್ಲ. ಅದೇ ನಕ್ಷತ್ರ, ಅದೇ ವಯಸ್ಸು. ಬೆವರು, ಎಂಜಲು, ಮಳೆ ಎಲ್ಲ ಕುಡಿದದ್ದು.

ವ್ಯತ್ಯಾಸ ಒಂದೇ. ಸೀಟಿಗೆ ಶುದ್ಧಿಯಾಗಿರಲಿಲ್ಲ.

ಶುದ್ಧಿಯ ಬಗ್ಗೆ ಹೇಳಬೇಕು. ಜೀವ ತೆಗೆಯುವ ವಸ್ತು ಮೈಲಿಗೆ ಎಂದು ನಮ್ಮವರ ನಂಬಿಕೆ. ಆದ್ದರಿಂದ ಹಾರಿದ ತೋಟಾ ನೇರವಾಗಿ ಮನೆಯೊಳಗೆ ಬರುವಂತಿಲ್ಲ. ಮೊದಲು ಗೋಮೂತ್ರದಲ್ಲಿ ನೆನೆಯಬೇಕು, ಆಮೇಲೆ ದನದ ಕೊಟ್ಟಿಗೆಯಲ್ಲಿ ಗ್ವಾದಲಿಯ, ಅಂದರೆ ಮೇವು ಹಾಕುವ ತೊಟ್ಟಿಯ, ಮೇಲಿನ ಪೆಟ್ಟಿಗೆ ಸೇರಬೇಕು, ಯಾಕೆಂದರೆ ಲಕ್ಷ್ಮಿ ಇರುವುದು ಅಲ್ಲಿ. ಊರ ಹಿರಿಯ ಗದಿಗೆಪ್ಪಜ್ಜ ಇದನ್ನು ತಪ್ಪದೆ ಮಾಡಿಸುತ್ತಾನೆ. "ನಮ್ಮ ಹಿರ್ಯಾರು ಮಾಡ್ಕೋತ ಬಂದದ್ದು, ನೀ ಏನ್ ಹೊಸಾದ್ ಹೇಳ್ತಿ?" ಎಂಬುದು ಅವನ ಮಾತು. ನಾನೂ ಮರುಮಾತಾಡಿದವಳಲ್ಲ.

ಸೀಳಿದ ತೋಟಾ ಹಿಡಿದುಕೊಂಡು ಕೊಟ್ಟಿಗೆಗೆ ಓಡಿದೆ. ಪೆಟ್ಟಿಗೆ ತೆರೆದೊಡನೆ ಮೂಗು ಸುಡುವ ಘಾಟು, ಮಳೆಗಾಲದಲ್ಲಿ ಬಾಗಿಲು ಮುಚ್ಚಿದ ಕೊಟ್ಟಿಗೆಗೆ ಇರುವಂಥದು. ಉಳಿದ ನಕ್ಷತ್ರಗಳೂ ಬಿರಿದಿವೆ. ತಲೆಯೆತ್ತಿದರೆ ಅಲ್ಲಿ ತೂಗುಹಾಕಿದ ಹಿತ್ತಾಳೆ ದೀಪದ ಸರಪಳಿ. ಅದು ಕೆಲವು ವರ್ಷಕ್ಕೊಮ್ಮೆ ತಾನಾಗಿ ತುಂಡಾಗುತ್ತದೆ, ನಾವು ಪ್ರತಿ ಸಲವೂ ದೃಷ್ಟಿ ತೆಗೆದು ಹೊಸದು ಕಟ್ಟುತ್ತೇವೆ. ದೃಷ್ಟಿಯಲ್ಲ ಅಜ್ಜಾ, ಆ ಘಾಟು. ಹಿತ್ತಾಳೆಗೆ ಅದು ನಿಧಾನದ ವಿಷ, ಈ ಮುಗಿಯದ ಮಳೆಯಲ್ಲಿ ಇನ್ನೂ ದಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಶುದ್ಧಿ ಮುರಿದದ್ದಕ್ಕೆ ನಾನು ನಿಮ್ಮ ನಕ್ಷತ್ರವನ್ನು ಬೈಯುತ್ತಿದ್ದೆ.

ಗದಿಗೆಪ್ಪಜ್ಜನಿಗೆ ತೋರಿಸಿದೆ. ಸೀಟಿಯನ್ನು ಒಂದು ಕೈಯಲ್ಲಿ, ಸೀಳಿದ್ದನ್ನು ಇನ್ನೊಂದು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಬೈಯುತ್ತಾನೆ ಅಂದುಕೊಂಡಿದ್ದೆ. "ಹುಡುಗಿ ಕೈಯಾಗ ಎಂಥಾವ್ ಕೊಟ್ಟ ಕಳಿಸೀಯವಾ?" ಎಂದು ಮಾತ್ರ ಕೇಳಿದ. ಸೀಳಿದ್ದನ್ನೇ ಬೆರಳು ಮಾಡಿ ತೋರಿಸಿದೆ. ಇಬ್ಬರು ಹುಡುಗಿಯರು ಅವಳನ್ನು ತಿರುಗಿಸಿ ತರಲು ಓಡಿದ್ದಾರೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಕುರಿ ಹಿಂಡು ಈಗ ಕಣಿವೆಯ ಬಾಯಿಗೆ ಬಂದಿರಬೇಕು.

ಕೂತಲ್ಲಿ ಕೂರಲಾರದೆ ಇದನ್ನು ಬರೆಯುತ್ತಿದ್ದೇನೆ. ನನ್ನ ಬೇಡಿಕೆ ದೊಡ್ಡದಲ್ಲ. ನೀವಿನ್ನೂ ಅಂಗಡಿಯಲ್ಲಿದ್ದೀರಿ ಎಂದು ನಾನು ನಂಬಿದ್ದೇನೆ. ಕಡಿಮೆ ಬೆಲೆಯದನ್ನು ಕಂಡು ಕೈಚಾಚಬೇಡಿ. ಜೇಬಿನಲ್ಲಿ ಒಂದು ಸೂಜಿಗಲ್ಲು ಇಟ್ಟುಕೊಂಡು ಹೋಗಿ. ಹಿತ್ತಾಳೆಯದೇ ಕೊಳ್ಳಿ, ಒಂದೇ ಮುದ್ರೆಯದು ಕೊಳ್ಳಿ, ನಡುವೆ ಒಂದೇ ತೂತಿರುವುದನ್ನು ಕೇಳಿ ಪಡೆಯಿರಿ. ಹಾರಿದ ಮೇಲೆ ಬಗ್ಗಿ ಹೆಕ್ಕಿಕೊಳ್ಳಿ, ನಾಚಿಕೆಪಡಬೇಡಿ. ಮತ್ತು ಒಂದು ಚೀಟಿ ಬರೆದು ಪೆಟ್ಟಿಗೆಯಲ್ಲಿ ಹಾಕಿ: ಕೊಟ್ಟಿಗೆಯಲ್ಲಿ ಇಡಬೇಡಿ. ನಾನು ಹೇಳಿದರೆ ಹೊಸ ಮಾತು, ತಾವು ಹೇಳಿದರೆ ಹಿರಿಯರ ಮಾತು.

ಈಗ ಒಂದು ಗುಂಡು ಕೇಳಿಸಿತು.

ಬೆಳಗಿನಿಂದ ಆ ಸದ್ದು ಬಾರದಿರಲೆಂದು ಬೇಡಿಕೊಳ್ಳುತ್ತಿದ್ದವಳು ಈಗ ಇನ್ನೊಂದು ಬರಲಿ ಎಂದು ಬೇಡುತ್ತಿದ್ದೇನೆ. ಹೆಂಗಸರು ಒಲೆಯ ಮುಂದಿನಿಂದ ಎದ್ದು ಹೊರಗೆ ಬಂದಿದ್ದಾರೆ. ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಇಷ್ಟು ಹೊತ್ತಿಗೆ ಬರಬೇಕಿತ್ತು.

ಗದಿಗೆಪ್ಪಜ್ಜ ಕೈಯಲ್ಲಿ ಕೊಡಲಿ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಾನೆ. "ಏಳವಾ ನೀಲಗಂಗಾ, ಬರಿಯೂದು ಸಾಕು. ಎಲ್ಲಾರೂ ಕೂಡೇ ಹೋಗೂಣು" ಅನ್ನುತ್ತಿದ್ದಾನೆ.

ಹೊರಟೆ ಅಜ್ಜಾ. ಆರಿಸುವಾಗ ಅವಸರ ಮಾಡಬೇಡಿ.