ಬಲಗಡೆಯ ಹೂ

೧೨-೧೧-೧೯೭೮, ಭಾನುವಾರ

ಅರಳಗುಪ್ಪೆಯ ತವರಿನಿಂದ ಬಂದಾಗಿನಿಂದ ಅಣ್ಣನ ನಗು ಕಿವಿ ಬಿಟ್ಟು ಹೋಗುತ್ತಿಲ್ಲ.

ಮಗಳು ಕಮಲಾಕ್ಷಿಯನ್ನು ಅಣ್ಣನ ಮಗನಿಗೆ ಕೊಡುವುದೋ, ಅವಳ ಆಸೆಯಂತೆ ಟೀಚರ್ ಟ್ರೈನಿಂಗಿಗೆ ಕಳಿಸುವುದೋ ಎಂದು ಅಂದು ಮನೆದೇವರಲ್ಲಿ ಹೂ ಕೇಳಿದ್ದೆ. ದೇವರ ಎರಡೂ ಕಡೆ ಅಂಟಿಸಿದ ಹೂಗಳಲ್ಲಿ ಬಲಗಡೆಯದು ಮೊದಲು ಬಿದ್ದರೆ ಮದುವೆ, ಎಡಗಡೆಯದಾದರೆ ಟ್ರೈನಿಂಗು. ಬಲಗಡೆಯದೇ ಬಿತ್ತು. ದೇವರ ಮಾತೆಂದು ಮಗಳ ಬಾಯಿ ಮುಚ್ಚಿಸಿದೆ. ಆ ಕಣಗಿಲೆಯನ್ನು ಪುಸ್ತಕದೊಳಗಿಟ್ಟು ಒಣಗಿಸಿ, ತಿಪಟೂರಿನಲ್ಲಿ ಗಾಜಿನ ಕಟ್ಟು ಹಾಕಿಸಿ ದೇವರ ಮನೆಯಲ್ಲಿ ತೂಗುಹಾಕಿದೆ.

ಇವತ್ತು ಊಟಕ್ಕೆ ಕೂತಾಗ, ಕಮಲಾಕ್ಷಿ ಹಿತ್ತಲಿಗೆ ಹೋಗಿದ್ದ ಹೊತ್ತಲ್ಲಿ, ಅಣ್ಣ ತಾನಾಗಿಯೇ ಅಂದ: "ಎಡಗಡೆ ಹೂವ ನೀರಲ್ಲಿ ಅದ್ದಿ ಅಂಟ್ಸು, ಬಲಗಡೇದು ಒಣಗೇ ಇರ್ಲಿ ಅಂತ ಪೂಜಾರಿಗೆ ಹೇಳಿದ್ದೇ ನಾನು ಕಣೇ ರಂಗಿ. ಇಲ್ದಿದ್ರೆ ನೀನು ಒಪ್ತಿದ್ದಾ?"

"ಹಳೇದು ಬುಡಿ ಅತ್ಲಾಗೆ" ಎಂದು ಅತ್ತಿಗೆಯೂ ನಕ್ಕಳು. ಅವಳಿಗೂ ಗೊತ್ತಿತ್ತು.

ನಾನು ಕೇಳಿದ್ದು ದೇವರನ್ನು. ಎಲೆ ಮಡಚಿ ಎದ್ದುಬಂದೆ.

ಕಟ್ಟು ಇಳಿಸಲು ಈಗ ಕೈ ಹಾಕಿದ್ದೆ. ನಾಳೆ ಕಮಲಾಕ್ಷಿ ಬರುತ್ತಾಳೆ. ಬಂದವಳು ಮೊದಲು ಕೈ ಮುಗಿಯುವುದು ಅದಕ್ಕೇ. ಗಂಡನ ಮೇಲೆ ಬೇಸರವಾದಾಗಲೂ ಅದನ್ನು ನೋಡಿಯೇ ಸಮಾಧಾನ ಮಾಡಿಕೊಳ್ಳುತ್ತಾಳೆ. ಇಳಿಸಿದರೆ ಯಾಕಮ್ಮ ಎನ್ನುತ್ತಾಳೆ. ಇಳಿಸದಿದ್ದರೆ ನಾನೂ ಅಣ್ಣನ ಜೊತೆ ಸೇರಿ ಅವಳಿಗೆ ಮೋಸ ಮಾಡಿದ ಹಾಗೆ.