ಪುತಳಾ ಕಟ್ಟಿದ ವಾಲ್ವಿನ ಸೆಟ್

ಭಾಲ್ಕಿ
ತಾ. ೧೧–೫–೨೦೦೩, ರವಿವಾರ

ಚಿ. ಸೌ. ಪುತಳಾಗೆ,

ನಿನ್ನ ಅಪ್ಪನ ಜೈಭೀಮ್, ನಿನ್ನ ತಾಯಿಯ ಆಶೀರ್ವಾದ. ಅಳಿಯ ಗೋರಖನಾಥರಿಗೂ ಮಕ್ಕಳಿಬ್ಬರಿಗೂ ನೆನಪು ಹೇಳು.

ಹೋಳಿ ಹಬ್ಬಕ್ಕೆ ಬರೆದ ನಿನ್ನ ಕಾಗದಕ್ಕೆ ಬೇಸಿಗೆ ಮುಗಿಯುತ್ತ ಬಂದಾಗ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಕೈ ನಡುಗುತ್ತದೆ ಎಂದು ನೆವ ಹೇಳಬಹುದಿತ್ತು. ಅದು ಖರೆಯೂ ಹೌದು. ಆದರೆ ಮೈಕಿನ ಮುಂದೆ ನಿಂತರೆ ನಿಲ್ಲದ ಈ ಬಾಯಿ ಕಾಗದದ ಮುಂದೆ ಕುಂತರೆ ಕಟ್ಟಿಹೋಗುತ್ತದೆ ಎನ್ನುವುದು ನಿನಗೂ ಗೊತ್ತು, ಊರಿಗೂ ಗೊತ್ತು. ಮೂರು ಸಲ ಶುರು ಮಾಡಿ ಮೂರು ಸಲ ಹರಿದೆ. ಇವತ್ತು ಮಾತ್ರ ಬರೆದೇ ಏಳುತ್ತೇನೆ, ಯಾಕೆಂದರೆ ಹೇಳುವ ಸುದ್ದಿ ಅಂಥಾದ್ದಿದೆ.

ಮೊದಲು ಮನೆಯ ಮಾತು. ಇಲ್ಲಿ ಟ್ಯಾಂಕರ್ ಎರಡು ದಿನಕ್ಕೊಮ್ಮೆ ಬರುತ್ತದೆ, ಬಂದಾಗ ಓಣಿಯ ಕೊಡಗಳೆಲ್ಲ ಜಗಳಕ್ಕೆ ನಿಲ್ಲುತ್ತವೆ. ಹೋದ ವಾರ ಔರಾದಿಗೆ ಹೋಗಿ ನಿಮ್ಮ ಮನೆ ನೋಡಿಕೊಂಡು ಬಂದೆ. ನಿಮ್ಮ ಸಾಲಿನಲ್ಲಿ ಐದು ಮನೆಗೆ ಬೀಗ. ಕೆಲವರು ಹೈದರಾಬಾದಿಗೆ, ಕೆಲವರು ನಿಮ್ಮ ಹಾಗೆ ಪುಣೆಗೆ. ಬಾಜೂ ಮನೆಯ ಮಹಮೂದಾ ಬೇಗಂ ಮಾತ್ರ ನೀನು ಕೊಟ್ಟ ಕೀಲಿ ಸೆರಗಿಗೇ ಗಂಟು ಹಾಕಿಕೊಂಡಿದ್ದಾಳೆ. ನಿನ್ನ ಅಂಗಳ ದಿನಾ ಕಸ ಹೊಡೆಯುತ್ತಾಳಂತೆ, ಬರೀ ಧೂಳು, ಆದರೂ ಹೊಡೆಯುತ್ತಾಳೆ. ನೀರಿಲ್ಲದೆ ಊರಿನಲ್ಲಿ ಯಾರೂ ಗೋಡೆ ಎಬ್ಬಿಸುವುದಿಲ್ಲ, ಗೋಡೆ ಎಬ್ಬಿಸದ ಊರಿನಲ್ಲಿ ಗೌಂಡಿಗೆ ಏನು ಕೆಲಸ? ಅಳಿಯಂದಿರದು ತಪ್ಪಿಲ್ಲ. ಆದರೆ ಅವರ ಹಿಂದೆ ನೀನೂ ಇಟ್ಟಿಗೆ ಹೊರುತ್ತೀ ಎಂದು ಬರೆದೆಯಲ್ಲ, ಆ ಒಂದು ಸಾಲು ನನಗೆ ಊಟ ಸೇರದಂತೆ ಮಾಡಿದೆ.

ಇನ್ನು ಸುದ್ದಿ. ಕಳೆದ ತಿಂಗಳ ಕೊನೆಗೆ ನಿನ್ನ ತಾಯಿಯ ಕಣ್ಣು ತೋರಿಸಲು ಬೀದರಕ್ಕೆ ಹೊರಟಿದ್ದೆವು. ಹೋಗುವುದೇ ಆಯಿತು ಎಂದು ಬಾಡಿಗೆಗೆ ಕೊಡುತ್ತಿದ್ದ ನಮ್ಮ ಹಳೇ ವಾಲ್ವಿನ ಮೈಕ್ ಸೆಟ್ಟನ್ನೂ ಚಾದರದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದೆ. ಮಾರುವ ವಿಚಾರವಿತ್ತು. ಈಗಿನ ಮದುವೆಯವರಿಗೆ ಎದೆ ಗುದ್ದುವ ಸೆಟ್ ಬೇಕು. ಆರು ವರ್ಷದಿಂದ ಆ ಸೆಟ್ಟಿಗೆ ಕರೆಂಟು ತೋರಿಸಿರಲಿಲ್ಲ. ಹಳೇ ರೇಡಿಯೋ ಮೆಕ್ಯಾನಿಕ್ ಬಾಬುಮಿಯಾನ ನೆನಪಿದೆಯಲ್ಲ? ಈಗ ಅಂಗಡಿ ಬಿಟ್ಟು ಮನೆಯ ಮುಂದಿನ ಕೋಣೆಯಲ್ಲೇ ಕೆಲಸ. ಹೈದರಾಬಾದಿನಿಂದ ನಜಮೋದ್ದೀನ ಎಂಬ ಒಬ್ಬ ಸಾಹೇಬರು ಅವನ ಹತ್ತಿರ ಬರುತ್ತಾರೆ, ಹಳೇ ವಾಲ್ವಿನ ಸೆಟ್ ಕಂಡರೆ ಅವರಿಗೆ ಹುಚ್ಚು ಎಂದು ಕೇಳಿದ್ದೆ. ಅವತ್ತು ಅವರೂ ಅಲ್ಲೇ ಕುಳಿತಿದ್ದರು.

ಬಾಬುಮಿಯಾ ಸೆಟ್ಟನ್ನು ಬೋರಲು ಹಾಕಿ ತಳದ ತಗಡು ಬಿಚ್ಚಿದ. ಬಿಚ್ಚಿದವನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ನಜಮೋದ್ದೀನ ಸಾಹೇಬರನ್ನು ಹತ್ತಿರ ಕರೆದು ಬೆರಳು ಮಾಡಿ ಒಂದೊಂದೇ ತೋರಿಸಿದ. ವಾಲ್ವು ಕಾಯಿಸುವ ತಂತಿಗಳನ್ನು ಜಡೆ ಹೆಣೆದಂತೆ ಬಿಗಿಯಾಗಿ ಹೊಸೆದು ಮೂಲೆಗೆ ಒತ್ತಿದ್ದೀ. ಅರ್ಥಿಂಗ್ ತಂತಿಗಳನ್ನೆಲ್ಲ ಒಂದೇ ಬಿಂದುವಿಗೆ ತಂದಿದ್ದೀ. ಉಳಿದ ತಂತಿಗಳ ಕಟ್ಟಿಗೆ ಮೇಣದ ದಾರ, ಬೆರಳು ಬೆರಳು ಅಂತರಕ್ಕೆ ಗಂಟು, ಅದೂ ಕೌದಿಯ ಅಂಚಿಗೆ ಹಾಕುವ ಗಂಟು. ಹದಿನೈದು ವರ್ಷವಾದರೂ ಒಂದು ಬೆಸುಗೆ ಮಂಕಾಗಿಲ್ಲ, ಪುತಳಾ. ಜ್ವಾಳದ ಕಾಳಿನಂತೆ ದುಂಡಗೆ, ಹೊಳೆಹೊಳೆಯುತ್ತ ಕುಳಿತಿವೆ. ನಾನು ಹಾಕಿದ ಬೆಸುಗೆ ಹೇಗಿರುತ್ತಿತ್ತು ನಿನಗೆ ಗೊತ್ತಲ್ಲ, ಕಾಗೆ ಕಕ್ಕಿದ ಹಾಗೆ.

ಅವನು ಅವಸರ ಮಾಡಲಿಲ್ಲ. ಒಣಗಿದ ಎರಡು ಕಂಡೆನ್ಸರ್ ಬದಲಿಸಿ, ನಡುವೆ ಬಲ್ಬು ಕೊಟ್ಟು ಕರೆಂಟು ಬಿಟ್ಟ. ಬಲ್ಬು ಒಮ್ಮೆ ಉರಿದು ಮೆಲ್ಲಗೆ ಮಂದವಾಯಿತು, ಎಂದರೆ ಒಳಗೆಲ್ಲ ಸರಿ ಇದೆ. ಆಮೇಲೆ ಬಲ್ಬು ತೆಗೆದು ನೇರ ಕರೆಂಟು ಕೊಟ್ಟು ಕಾಯ್ದೆವು. ವಾಲ್ವುಗಳಲ್ಲಿ ಕೆಂಪು ಮೂಡಿತು. ಸಾಹೇಬರು ಸ್ಪೀಕರಿಗೆ ಕಿವಿ ಹಚ್ಚಿ, ಸೆಟ್ ಚಾಲೂ ಆಗಿದೆಯೋ ಇಲ್ಲವೋ ಎಂದು ಕೇಳಿದರು. ಅಷ್ಟು ಶಾಂತ. ಗುಂಯ್ ಎನ್ನುವ ಸದ್ದೇ ಇಲ್ಲ. ಹೆಣ್ಣುಮಗಳೊಬ್ಬಳು ಹಾಡಿದ ಹಳೇ ರೆಕಾರ್ಡು ಹಾಕಿದ್ದೇ ತಡ ಕೋಣೆಯಲ್ಲಿ ಯಾರೂ ಅಲುಗಾಡಲಿಲ್ಲ. ಹಾಡುವವಳು ಉಸಿರು ತೆಗೆದುಕೊಂಡದ್ದೂ ಕೇಳಿಸಿತು. ನಿನ್ನ ತಾಯಿ ಗೋಡೆಗೆ ಒರಗಿ ಕಣ್ಣಿಗೆ ಹಾಕಿದ್ದ ಮದ್ದನ್ನು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು, ಮದ್ದೋ ಏನೋ.

ರೆಕಾರ್ಡು ಮುಗಿದ ಮೇಲೆ ಬಾಬುಮಿಯಾ ನನ್ನ ಕಡೆ ತಿರುಗಿದ.

"ಕಾಶೀರಾಮ ಭಾಯಿ, ನಲವತ್ತ ವರ್ಷ ಈ ಕೆಲಸ ಮಾಡೇನಿ. ಇಂಥ ಕೈ ನಾ ನೋಡಿಲ್ಲ. ಇದು ಯಾರ ಕೈ ಅದರಿ?"

ನನ್ನ ಮಗಳದು ಎಂದೆ. ಔರಾದಿಗೆ ಕೊಟ್ಟಿದ್ದೇನೆ, ಈಗ ಪುಣೆಯಲ್ಲಿದ್ದಾಳೆ, ಹದಿನೇಳರ ವಯಸ್ಸಿನಲ್ಲಿ ಮಾಡಿದ್ದು ಎಂದು ಎಲ್ಲವನ್ನೂ ಹೇಳಿದೆ. ಇಬ್ಬರೂ ಬೆರಗಾದರು.

ನಿಜಕ್ಕೂ ಬೆರಗಾಗುವ ಕೆಲಸವೇ ಅದು, ಮಗಳೇ. ಎದುರಿಗೆ ನಿಂತು ನಾನು ನಿನಗೆ ಇದನ್ನು ಯಾವತ್ತೂ ಹೇಳಲಿಲ್ಲ, ಈಗ ಬರೆಯುತ್ತೇನೆ. ಮುಚ್ಚಳದ ಒಳಗೆ ಅಂಟಿಸಿದ್ದ ಹರಕು ನಕ್ಷೆಯನ್ನು ನೀನು ಪಾಠದ ಪುಸ್ತಕದ ಹಾಗೆ ಓದುತ್ತ, ಒಳಗಿನ ತಂತಿಯನ್ನೆಲ್ಲ ಕಿತ್ತು ಸೆಟ್ಟನ್ನು ಹೊಸದಾಗಿ ಕಟ್ಟಿದೆ. ನಿನ್ನ ತಾಯಿ ಮತ್ತು ಓಣಿಯ ಹೆಂಗಸರು ಹಾಡಿದರೆ ಸೆಟ್ಟಿನಲ್ಲಿ ಅವರ ದನಿ ತಗಡಿನ ಡಬ್ಬಿಯಿಂದ ಬಂದಂತೆ ಬರುತ್ತಿತ್ತು. ಹೆಣ್ಣುದನಿಯೇ ಹಾಗೆ, ಸೆಟ್ಟಿನದೇನು ತಪ್ಪು ಎಂದೆ ನಾನು. ನೀನು ಒಪ್ಪಲಿಲ್ಲ. "ಅವ್ವನ ದನಿ ಮನ್ಯಾಗ ಹಂಗಿಲ್ಲಲ್ಲಪ್ಪ, ಸೆಟ್ಟಿನ್ಯಾಗ ಯಾಕ ಹಂಗ ಆಗ್ತದ?" ಎಂದು ಕೇಳಿದೆ. ಒಂದೊಂದೇ ಕಂಡೆನ್ಸರ್ ಬದಲಿಸಿ, ಪ್ರತಿಸಲವೂ ತಾಯಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಂದು ಮೈಕಿನ ಮುಂದೆ ಹಾಡಿಸಿದೆ. ರೊಟ್ಟಿ ಹೊತ್ತಿದವು, ಬೈಸಿಕೊಂಡೆ, ಬಿಡಲಿಲ್ಲ. ಹನ್ನೆರಡನೇ ದಿನವೋ ಏನೋ, ಸೆಟ್ಟಿನಿಂದ ಬಂದ ತನ್ನ ದನಿ ಕೇಳಿ ಆಕೆ ಅರ್ಧಕ್ಕೇ ಹಾಡು ನಿಲ್ಲಿಸಿ ನಿನ್ನನ್ನೇ ನೋಡಿದಳು. ನನ್ನ ಇಡೀ ಆಯುಷ್ಯದಲ್ಲಿ ನಾನು ಸೆಟ್ ಬಾಡಿಗೆಗೆ ಕೊಟ್ಟೆ, ಕಂಬಕ್ಕೆ ಭೋಂಗಾ ಸ್ಪೀಕರ್ ಕಟ್ಟಿದೆ, ಹಲೋ ಹಲೋ ಎಂದೆ. ಸೆಟ್ ಮನುಷ್ಯರ ದನಿ ಕಾಯಬೇಕು ಎನ್ನುವುದು ಹದಿನೇಳರ ಹುಡುಗಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ.

ಆ ವರ್ಷದ ಭೀಮ ಜಯಂತಿಯಲ್ಲಿ ನಿನ್ನ ತಾಯಿಯ ಮೇಳ ಆ ಸೆಟ್ಟಿನ ಮುಂದೆ ಹಾಡಿತು. ಬಜಾರಿನವರು ಅಂಗಡಿ ಬಿಟ್ಟು ಎದ್ದು ಬಂದರು. ಮುಂದಿನ ಎಂಟು ವರ್ಷ ಕಮಲನಗರದಿಂದ ಕಮಠಾಣದವರೆಗೆ ಯಾರ ಮನೆಯಲ್ಲಿ ಹಾಡಿಕೆ ಇದ್ದರೂ ಮೊದಲು ಈ ಸೆಟ್ ಖಾಲಿ ಇದೆಯೇ ಎಂದು ಕೇಳಿ ಆಮೇಲೆ ತಾರೀಕು ಗೊತ್ತು ಮಾಡುತ್ತಿದ್ದರು. ನಮ್ಮ ಮನೆಯ ಒಲೆ ಉರಿದದ್ದು ನಿನ್ನ ಕೈಯಿಂದ.

ಈಗ ಮುಖ್ಯ ಮಾತು. ನಜಮೋದ್ದೀನ ಸಾಹೇಬರು ನಮ್ಮ ಸೆಟ್ಟನ್ನು ಕೊಳ್ಳಲಿಲ್ಲ. ಇದನ್ನು ಮಾಡಿದ ಕೈಯೇ ತಮಗೆ ಬೇಕು ಎಂದರು. ಅವರ ಹತ್ತಿರ ಹನ್ನೊಂದು ಹಳೇ ವಾಲ್ವಿನ ಸೆಟ್ಟುಗಳಿವೆ. ಕೆಲವು ತುಕ್ಕು ಹಿಡಿದಿವೆ, ಕೆಲವನ್ನು ಯಾರೋ ಕೈ ಹಾಕಿ ಕೆಡಿಸಿದ್ದಾರೆ. ಎಲ್ಲವನ್ನೂ ಇದೇ ಥರ ಕಟ್ಟಿಕೊಡಬೇಕು. ಒಂದು ಹಿಡಿಸಿದರೆ ಅವರ ಗೆಳೆಯರದ್ದೂ ಬರುತ್ತವೆ. ಮನೆಯಲ್ಲೇ ಕುಳಿತು ಮಾಡುವ ಕೆಲಸ, ಸಾಮಾನೆಲ್ಲ ಅವರದು, ಸೆಟ್ಟುಗಳು ಬಸ್ಸಿನಲ್ಲಿ ಬಾಬುಮಿಯಾನವರೆಗೆ ಬರುತ್ತವೆ. ಎರಡು ವರ್ಷಕ್ಕೆ ಕಡಿಮೆಯಿಲ್ಲ. ಮೊದಲ ಸೆಟ್ ಆಗಲೇ ನಮ್ಮ ಮನೆಗೆ ಬಂದಿದೆ, ಕಂಬಳಿಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದೇನೆ. ನಾನು ಕೈ ಹಚ್ಚಿಲ್ಲ, ನಿನ್ನ ದಾರಿ ನೋಡುತ್ತಿದೆ.

ಇಟ್ಟಿಗೆ ಅಲ್ಲೇ ಇಳಿಸಿ ಬಾ, ಪುತಳಾ. ಅಳಿಯಂದಿರಿಗೆ ಬೀದರದ ಕೊಳಾರದ ಕಡೆ ಹೊಸ ಗೋಡೌನು ಕಟ್ಟುವ ಕೆಲಸ ಸಿಗಬಹುದೆಂದು ಬಾಬುಮಿಯಾ ಹೇಳುತ್ತಾನೆ, ಸಿಗದಿದ್ದರೆ ಮಳೆಯಾಗುವವರೆಗೆ ಅವರು ಅಲ್ಲೇ ಇರಲಿ, ನೀನು ಮಕ್ಕಳನ್ನು ಕರೆದುಕೊಂಡು ಬಾ. ಸಾಲೆ ಶುರುವಾಗುವ ಮೊದಲು ಬಂದರೆ ಅವುಗಳ ಹೆಸರು ಇಲ್ಲೇ ಹಚ್ಚೋಣ. ನಿನ್ನ ಕೈ ತಣ್ಣಗಿರಲಿ, ನಿನ್ನ ಬಾಳು ಬೆಳಗಲಿ, ಮಕ್ಕಳು ಸುಖವಾಗಿರಲಿ.

ಇಂತಿ ನಿನ್ನ ಅಪ್ಪ,
ಕಾಶೀರಾಮ

ತಾ. ಕ.: ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಿದೆ, ಕಾಗದ ಮುಗಿದ ಮೇಲೆ ನಿನ್ನ ತಾಯಿಗೆ ಓದಿ ಹೇಳಬೇಕು. ಓದಿದೆ. ಆಕೆ ನನ್ನ ಮಗ್ಗುಲಿಗೆ ಕುಂತು ಕೇಳಿದಳು. ಹೆಸರಿನವರೆಗೆ ಓದಿ ಗೋಂದಿನ ಬಾಟಲಿಗೆ ಕೈ ಹಾಕಿದಾಗ, "ಇದ್ರಾಗ ಎರಡು ಸುಳ್ಳ ಅವರಿ. ಕೆಳಗ ಖರೇ ಬರೀರಿ" ಎಂದಳು.

ಹತ್ತು ದಿನದಿಂದ ನನ್ನ ಜೊತೆ ಆಕೆಯ ಮಾತಿರಲಿಲ್ಲ. ಇವತ್ತು ಆಡಿದ್ದು ಇಷ್ಟೇ.

ಬಾಬುಮಿಯಾ ಅದು ಯಾರ ಕೈ ಎಂದು ಕೇಳಿದಾಗ ನಾನು ನಿನ್ನ ಹೆಸರು ಹೇಳಲಿಲ್ಲ. ನಂದೇ ಎಂದೆ. ಯಾಕೆ ಎಂದು ಕೇಳಬೇಡ, ಇದರಿಂದ ಕೆಲಸ ಸಿಗುತ್ತದೆಂದು ಆಗ ಗೊತ್ತಿರಲಿಲ್ಲ ಎಂದೇನೋ ಬರೆಯಬಹುದು, ಆದರೆ ಸಿಕ್ಕ ಮೇಲೂ ನಾನು ಬಾಯಿ ಬಿಡಲಿಲ್ಲ. ಅವರಿಬ್ಬರೂ ನನ್ನನ್ನು ನೋಡಿದ ರೀತಿ ನನಗೆ ಬಹಳ ಹಿತವಾಗಿತ್ತು. ನಿನ್ನ ತಾಯಿ ಅಲ್ಲೇ ಇದ್ದಳು.

ಮಂಚದ ಕೆಳಗಿನ ಸೆಟ್ಟಿಗೆ ಕೈ ಹಚ್ಚಿಲ್ಲ ಎಂದದ್ದೂ ಸುಳ್ಳು. ನಾನೇ ಮಾಡಿ ಮುಗಿಸುತ್ತೇನೆಂಬ ಸೊಕ್ಕಿನಿಂದ ಬಿಚ್ಚಿದೆ. ಒಂದಿಷ್ಟು ಬದಲಿಸಿ, ಸ್ಪೀಕರ್ ಹಚ್ಚುವುದನ್ನೇ ಮರೆತು ಹಾಡು ಹಾಕಿದೆ. ದನಿ ಯಾಕೆ ಬರುತ್ತಿಲ್ಲ ಎಂದು ಇನ್ನೂ ಏರಿಸಿದೆ, ಮತ್ತೂ ಏರಿಸಿದೆ. ಸ್ಪೀಕರ್ ಇಲ್ಲದೆ ಓಡಿದ್ದಕ್ಕೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಯಿತು. ಮೊದಲು ಸ್ಪೀಕರ್ ಆಮೇಲೆ ಕರೆಂಟು ಎನ್ನುವುದು ನಾನು ನಿನಗೆ ಮೊದಲ ದಿನ ಕಲಿಸಿದ ಪಾಠ.

ಆಕೆ ಎರಡು ಎಂದು ಎಣಿಸಿದಳು. ಮೂರನೆಯದು ಈ ಕಾಗದದಲ್ಲಿಲ್ಲ, ಅದಕ್ಕೇ ಆಕೆ ಎಣಿಸಲಿಲ್ಲ. ಆ ಜಯಂತಿಯ ದಿನ ವೇದಿಕೆಯ ಮೇಲೆ ನನಗೆ ಶಾಲು ಹೊದಿಸಿ, ಈ ಸೆಟ್ ಕಟ್ಟಿದವನು ನಮ್ಮ ಕಾಶೀರಾಮ ಎಂದರು. ನಾನು ಕೈ ಮುಗಿದೆ. ನೀನು ಕೆಳಗೆ ಸಾಮಾನಿನ ಚೀಲ ಹಿಡಿದು ನಿಂತಿದ್ದೆ. ಒಮ್ಮೆ ನನ್ನ ಕಡೆ ನೋಡಿ, ಚೀಲವನ್ನು ಸ್ಟೂಲಿನ ಮೇಲಿಟ್ಟು ಮನೆಗೆ ಹೋದೆ. ಆಮೇಲೆ ನೀನು ಸೋಲ್ಡರ್ ಐರನ್ ಮುಟ್ಟಲಿಲ್ಲ. ಹುಡುಗಿ ಶಾಕಿಗೆ ಹೆದರಿದಳು ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತ ಬಂದೆ. ಹದಿನೈದು ವರ್ಷ ಹೇಳಿದೆ. ನೀನು ಒಂದು ದಿನವೂ ಅಲ್ಲ ಎನ್ನಲಿಲ್ಲ.

ನಾಳೆ ಮೊದಲ ಬಸ್ಸಿಗೆ ಸುಟ್ಟ ಸೆಟ್ ಹೊತ್ತು ಬೀದರಕ್ಕೆ ಹೋಗುತ್ತೇನೆ, ಬಾಬುಮಿಯಾನ ಮುಂದೆ ನಿಂತು ನಿನ್ನ ಹೆಸರು ಹೇಳುತ್ತೇನೆ. ನಿನ್ನ ತಾಯಿಯೂ ಬರುತ್ತಾಳಂತೆ. ನೀನು ಬರುವುದು ಬಿಡುವುದು ನಿನ್ನ ಮರ್ಜಿ, ಬಾ ಎನ್ನುವ ಹಕ್ಕು ನನಗಿಲ್ಲ.

ಇದನ್ನೂ ಓದಿ ಹೇಳಿದೆ. ಆಕೆ ಆಮೇಲೆ ಗೋಂದಿನ ಬಾಟಲಿ ನನ್ನ ಕಡೆ ಸರಿಸಿ, "ಈಗ ಅಂಟಸ್ರಿ" ಎಂದಳು.